ಮಕ್ಕಳಿಗೆ ಚಂದ್ರನ ಹೆಸರಿಟ್ಟ ಕವಿ

ಕುವೆಂಪು ಅವರ ಪದ್ಯ ನಾವೆಲ್ಲ ಓದೇವಿ. ಅವರಿಗೆ ಬೆಳದಿಂಗಳ ಹುಚ್ಚು ಎಷ್ಟಿತ್ತು ಅನ್ನೋದನ್ನ ನಾನು ಹೇಳತೇನಿ.

ಅವರು 1904ರ ಡಿಸೆಂಬರ್ 29ರಂದು ತಾಯಿಯ ತವರು ಹಿರೇಕೊಡಿಗೆಯಲ್ಲಿ ಹುಟ್ಟಿದರು. ಬೆಳೆದದ್ದು ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯಲ್ಲಿ. ಮನೆ ಹತ್ತಿರದ ಗುಡ್ಡದ ಮೇಲೆ ಹಾಸುಬಂಡೆ ಇದೆ. ಅದೇ ಕವಿಶೈಲ. ಅಲ್ಲಿ ಕುಂತು ಸೂರ್ಯ ಮುಳುಗೋದು, ಚಂದ್ರ ಏರೋದು ನೋಡುತ್ತಿದ್ದರು. ಮಲೆನಾಡಿನಲ್ಲಿ ಸುತ್ತಲೂ ಕಾಡು, ಆಕಾಶ ನೋಡಬೇಕಂದ್ರ ಗುಡ್ಡ ಹತ್ತಬೇಕು. ನಮ್ಮ ಹುಕ್ಕೇರಿ ಕಡೆ ಹಂಗಲ್ಲ, ಹೊಲದಾಗ ನಿಂತರ ಸಾಕು, ಎಲ್ಲಿ ನೋಡಿದರೂ ಚುಕ್ಕಿ. ಆದರೂ ನಾವು ಕರೆಂಟ್ ಹೋದಾಗ ಮಾತ್ರ ತಲೆ ಎತ್ತತೇವಿ!

ಹನ್ನೆರಡನೇ ವಯಸ್ಸಿಗೇ ತಂದೆ ವೆಂಕಟಪ್ಪ ತೀರಿಕೊಂಡರು. ಮುಂದೆ ಓದಿಗಾಗಿ ಊರು ಬಿಟ್ಟು ಮೈಸೂರಿಗೆ ಹೋದರು. ಮೊದಲು ಬರೆದದ್ದು ಇಂಗ್ಲಿಷ್ ಕವಿತೆ. ಐರಿಷ್ ಕವಿ ಜೇಮ್ಸ್ ಕಸಿನ್ಸ್ ತಾಯಿನುಡಿಯಲ್ಲಿ ಬರೆಯಲು ಹೇಳಿದ ಮೇಲೆ ಕನ್ನಡಕ್ಕೆ ತಿರುಗಿದರು. ಆ ಮಾತು ಕೇಳದಿದ್ದರ ಕುಪ್ಪಳಿಯ ಬೆಳದಿಂಗಳು ನಮ್ಮ ಪುಸ್ತಕದಾಗ ಬರತಿತ್ತೇನು? ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯಕ್ಕೆ 1967ರ ಜ್ಞಾನಪೀಠ ಬಂತು. ಕನ್ನಡಕ್ಕೆ ಅದೇ ಮೊದಲನೆಯದು.

ನನಗೆ ಎಲ್ಲಕ್ಕಿಂತ ಸೇರಿದ್ದು ಅವರ ಮಕ್ಕಳ ಹೆಸರು. ಹಿರಿಯ ಮಗ ಪೂರ್ಣಚಂದ್ರ ತೇಜಸ್ವಿ, ಅಂದರೆ ಹುಣ್ಣಿಮೆ ಚಂದ್ರ. ಮಗಳು ಇಂದುಕಲಾ, ಚಂದ್ರನ ಹದಿನಾರು ಕಲೆಗಳಲ್ಲಿ ಒಂದು. ಇನ್ನೊಬ್ಬ ಮಗ ಕೋಕಿಲೋದಯ ಚೈತ್ರ. ಕೋಗಿಲೆಯನ್ನೂ ಬಿಡಲಿಲ್ಲ ನೋಡ್ರಿ! ನಮ್ಮ ಕಡೆಯೂ ಚಂದ್ರಪ್ಪ, ಚಂದ್ರವ್ವ ಇದ್ದಾರ. ಆದರೆ ಅವು ಅಜ್ಜ ಅಜ್ಜಿಯ ಹೆಸರು.

1994ರ ನವೆಂಬರ್ 11ರಂದು ಮೈಸೂರಿನಲ್ಲಿ ತೀರಿಕೊಂಡರು. ಸಮಾಧಿ ಇರೋದು ಕವಿಶೈಲದಲ್ಲೇ, ಬಯಲು ಆಕಾಶದ ಕೆಳಗೆ.