ಬೀಜಭಂಡಾರಿ ನಿಕೊಲಾಯ್ ವಾವಿಲೋವ್

ನಗರವಾಸಿಗಳಾದ ನಮಗೆ ಅಕ್ಕಿ, ಗೋದಿ, ರಾಗಿಗಳು ಅಂಗಡಿಯ ಚೀಲದಿಂದ ಬರುತ್ತವೆ. ಕಾಳುಗಳೆಲ್ಲ ಒಂದೇ ಸಮನಾಗಿದ್ದರೆ ಅದು ಒಳ್ಳೆಯ ಮಾಲೆಂದು ಎಣಿಸುತ್ತೇವೆ. ಆದರೆ ನಾಡಿನ ಹೊಲಗಳಲ್ಲೆಲ್ಲ ಒಂದೇ ಬಗೆಯ ಪೈರು ನಿಂತರೆ ಅದು ದೊಡ್ಡ ಅಪಾಯ. ಒಂದು ಗಿಡವನ್ನು ಕೆಡವಿದ ರೋಗವು ಎಲ್ಲವನ್ನೂ ಕೆಡವೀತು. ಈ ಸತ್ಯವನ್ನು ಮನಗಂಡು ಐದು ಖಂಡಗಳನ್ನು ಸುತ್ತಿ ಬೀಜಗಳನ್ನು ಕೂಡಿಸಿದ ಮಹನೀಯನೊಬ್ಬನ ಚರಿತೆಯನ್ನು ನಮ್ಮ ವಿದ್ಯಾರ್ಥಿಗಳ ಮುಂದೆ ಇಡುತ್ತಿದ್ದೇವೆ.

ನಿಕೊಲಾಯ್ ಇವಾನೊವಿಚ್ ವಾವಿಲೋವನು 1887ನೆಯ ಇಸವಿ ನವೆಂಬರ್ 25ರಂದು ಮಾಸ್ಕೋದ ಒಂದು ವರ್ತಕ ಕುಟುಂಬದಲ್ಲಿ ಜನಿಸಿದನು. ಆತನು ಚಿಕ್ಕ ಮಗುವಾಗಿದ್ದಾಗಲೇ, 1891–92ರಲ್ಲಿ, ರಷ್ಯ ದೇಶವು ಭೀಕರ ಕ್ಷಾಮಕ್ಕೆ ತುತ್ತಾಗಿತ್ತು. ಮಾಸ್ಕೋದ ಕೃಷಿ ವಿದ್ಯಾಲಯದಲ್ಲಿ ಕಲಿತ ಆತನನ್ನು ಒಂದು ಪ್ರಶ್ನೆ ಬಹುವಾಗಿ ಕಾಡಿತು: ಒಂದೇ ಹೊಲದಲ್ಲಿ ಒಂದು ತಳಿ ರೋಗಕ್ಕೆ ಬಲಿಯಾದರೆ ಪಕ್ಕದ ಇನ್ನೊಂದು ತಳಿ ಹೇಗೆ ಉಳಿಯುತ್ತದೆ? ಇದರ ಮರ್ಮವು ಗಿಡದ ಹುಟ್ಟುಗುಣದಲ್ಲಿದೆ ಎಂದು ಆತನು ಕಂಡುಕೊಂಡನು. 1913ರಲ್ಲಿ ಇಂಗ್ಲೆಂಡಿಗೆ ಹೋಗಿ, ಅನುವಂಶಶಾಸ್ತ್ರದ ಪ್ರವರ್ತಕರಲ್ಲೊಬ್ಬನಾದ ವಿಲಿಯಮ್ ಬೇಟ್ಸನ್ನನ ಬಳಿ ಅಭ್ಯಾಸ ಮಾಡಿದನು.

1916ರಲ್ಲಿ ವಾವಿಲೋವನು ಇರಾನಿಗೂ ಪಾಮೀರ್ ಪರ್ವತಪ್ರದೇಶಕ್ಕೂ ಪಯಣಿಸಿದನು. ಅಲ್ಲಿಯ ತಗ್ಗಿನ ಹೊಲಗಳಲ್ಲಿ ರೈ ಎಂಬ ಧಾನ್ಯವು ಗೋದಿಯ ನಡುವೆ ಬೆಳೆಯುವ ಕಳೆ. ಬೆಟ್ಟವನ್ನು ಏರುತ್ತ ಹೋದಂತೆ ಚಳಿಗೆ ಗೋದಿ ಸೊರಗುತ್ತದೆ, ರೈ ಹುಲುಸಾಗುತ್ತದೆ. ಕೊನೆಗೆ ರೈತನು ಆ ಕಳೆಯನ್ನೇ ಬಿತ್ತಿ ಬೆಳೆಯುತ್ತಾನೆ. ಒಂದೆಡೆ ಕಿತ್ತೆಸೆಯುವ ಗಿಡವು ಇನ್ನೊಂದೆಡೆ ಅನ್ನವಾಗುವುದನ್ನು ಆತನು ಹೀಗೆ ಕಣ್ಣಾರೆ ಕಂಡನು.

1917ರಲ್ಲಿ ವೋಲ್ಗಾ ತೀರದ ಸರಾತೊವ್ ನಗರದಲ್ಲಿ ಪ್ರಾಧ್ಯಾಪಕನಾದ ವಾವಿಲೋವನು, 1920ರಲ್ಲಿ ಅಲ್ಲಿ ನೆರೆದ ಪರಿಷತ್ತಿನ ಮುಂದೆ ಒಂದು ನಿಯಮವನ್ನು ಮಂಡಿಸಿದನು. ಗೋದಿಯಲ್ಲಿ ಮೀಸೆಯಂತಹ ಸುಂಕುಳ್ಳ ತೆನೆಯೂ ಉಂಟು, ಸುಂಕಿಲ್ಲದ ತೆನೆಯೂ ಉಂಟು. ಅದರ ಬಂಧುಗಳಾದ ಜವೆಗೋದಿ, ರೈಗಳಲ್ಲಿಯೂ ಇಂತಹ ಭೇದಗಳ ಸಾಲು ಕಾಣುತ್ತದೆ. ಆದುದರಿಂದ ಒಂದರಲ್ಲಿ ಕಂಡ ಗುಣವು ಅದರ ಬಂಧುವಿನಲ್ಲಿ ಇನ್ನೂ ಕಾಣದಿದ್ದರೆ, ಹುಡುಕಿದರೆ ಸಿಕ್ಕೀತೆಂಬ ಭರವಸೆಯನ್ನು ಆ ನಿಯಮವು ಕೊಟ್ಟಿತು.

1921ರಲ್ಲಿ ಆತನು ಪೆಟ್ರೊಗ್ರಾಡಿನ ಸಸ್ಯಸಂಶೋಧನಾಲಯದ ಮುಖ್ಯಸ್ಥನಾದನು. ಆ ವರ್ಷವೇ ವೋಲ್ಗಾ ಪ್ರಾಂತದಲ್ಲಿ ಮತ್ತೆ ಕ್ಷಾಮ ತಲೆದೋರಿತು. ಬರವನ್ನೂ ರೋಗವನ್ನೂ ಚಳಿಯನ್ನೂ ತಾಳುವ ತಳಿಗಳನ್ನು ಅರಸಿ ಆತನು 1924ರಲ್ಲಿ ಅಫಘಾನಿಸ್ತಾನಕ್ಕೂ, ಮುಂದೆ ಇಥಿಯೋಪಿಯ, ಚೀನ, ಜಪಾನ್, ಅಮೆರಿಕಗಳಿಗೂ ಹೋದನು. ಯಾವ ಸೀಮೆಯಲ್ಲಿ ಒಂದು ಪೈರಿನ ಬಗೆಗಳು ಅತ್ಯಧಿಕವೋ ಆ ಸೀಮೆಯೇ ಅದರ ತವರೆಂದು 1926ರಲ್ಲಿ ಪ್ರತಿಪಾದಿಸಿದನು. ಮುಂದಿನ ವಿಜ್ಞಾನಿಗಳು ಈ ಮತವನ್ನು ಕೆಲಮಟ್ಟಿಗೆ ತಿದ್ದಿದ್ದಾರೆ. ಆದರೂ ತಳಿಗಳ ಸಂಪತ್ತನ್ನು ಎಲ್ಲಿ ಅರಸಬೇಕೆಂಬ ದಾರಿಯನ್ನು ತೋರಿದವನು ಆತನೇ. ಬದನೆ, ಸೌತೆ, ಮಾವುಗಳ ತವರು ಭಾರತವೆಂದು ಆತನು ಎಣಿಸಿದನು. ನಮ್ಮ ಮುದ್ದೆಯ ರಾಗಿಯಾದರೋ ಪೂರ್ವ ಆಫ್ರಿಕದ ಎತ್ತರದ ನೆಲದಿಂದ ಪ್ರಾಚೀನ ಕಾಲದಲ್ಲಿ ಇಲ್ಲಿಗೆ ಬಂದುದು. ಪರಸ್ಥಳದಿಂದ ಬಂದ ಬೀಜವೂ ನೆಲಕ್ಕೆ ಹೊಂದಿಕೊಂಡು ಮನೆಯದಾಗುತ್ತದೆಂಬುದು ನಮ್ಮಂತಹವರಿಗೆ ಸಂತೋಷದ ವಿಷಯವಲ್ಲವೆ?

1940ರ ವೇಳೆಗೆ ಸಂಸ್ಥೆಯ ಸಂಗ್ರಹದಲ್ಲಿ ಸುಮಾರು 2,50,000 ಮಾದರಿಗಳಿದ್ದವು. ಆದರೆ ಆಗ ಲೈಸೆಂಕೋ ಎಂಬವನು ಅನುವಂಶಶಾಸ್ತ್ರವೇ ಸುಳ್ಳೆಂದು ಸಾರಿ, ಬಹುಬೇಗ ಇಳುವರಿ ಹೆಚ್ಚಿಸುವೆನೆಂದು ಆಸೆ ತೋರಿಸಿ, ಸ್ಟಾಲಿನ್ನನ ಕೃಪೆಯನ್ನು ಗಳಿಸಿದ್ದನು. ವಾವಿಲೋವನು ತಾನು ಕಂಡ ಸತ್ಯವನ್ನು ಬಿಟ್ಟುಕೊಡಲಿಲ್ಲ. 1940ನೆಯ ಆಗಸ್ಟ್ 6ರಂದು, ಸಸ್ಯಸಂಗ್ರಹಕ್ಕಾಗಿ ಉಕ್ರೇನಿನಲ್ಲಿದ್ದಾಗ, ಆತನನ್ನು ಸೆರೆಹಿಡಿದರು. 1941ರಲ್ಲಿ ವಿಧಿಸಿದ ಮರಣದಂಡನೆಯನ್ನು ಮರುವರ್ಷ 20 ವರ್ಷಗಳ ಸೆರೆವಾಸಕ್ಕೆ ಇಳಿಸಿದರು. ತಾನು ಹಿಂದೆ ಪಾಠ ಹೇಳಿದ ಅದೇ ಸರಾತೊವ್ ನಗರದ ಸೆರೆಮನೆಯಲ್ಲಿ, ಆಹಾರವಿಲ್ಲದೆ ಸೊರಗಿ, 1943ನೆಯ ಜನವರಿ 26ರಂದು ಆತನು ಅಸುನೀಗಿದನು. ಲೋಕದ ಹಸಿವಿಗೆ ಮದ್ದನ್ನು ಅರಸಿದವನಿಗೆ ಹಸಿವೇ ಮೃತ್ಯುವಾಯಿತು.

ಆತನ ಸಂಗ್ರಹದ ಗತಿ ಏನಾಯಿತು? ಪೆಟ್ರೊಗ್ರಾಡಿಗೆ ಅಷ್ಟರಲ್ಲಿ ಲೆನಿನ್‌ಗ್ರಾಡ್ ಎಂಬ ಹೆಸರು ಬಂದಿತ್ತು. 1941ರ ಸೆಪ್ಟೆಂಬರಿನಿಂದ ಜರ್ಮನ್ ಸೈನ್ಯವು ಆ ನಗರವನ್ನು 872 ದಿನ ಮುತ್ತಿತು. ಊರೊಳಗೆ ಲಕ್ಷಗಟ್ಟಲೆ ಜನ ಅನ್ನವಿಲ್ಲದೆ ಸತ್ತರು. ಸಂಸ್ಥೆಯ ಕೋಣೆಗಳಲ್ಲಿ ಅಕ್ಕಿ, ಗೋದಿ, ಶೇಂಗಾ, ಅವರೆಗಳಿದ್ದವು. ಪಾಲಕರು ಅವನ್ನು ಮುಟ್ಟಲಿಲ್ಲ. ಬತ್ತದ ಸಂಗ್ರಹವನ್ನು ನೋಡಿಕೊಳ್ಳುತ್ತಿದ್ದ ಡಿಮಿತ್ರಿ ಇವಾನೋವನು ಸಾವಿರಾರು ಬತ್ತದ ಪೊಟ್ಟಣಗಳನ್ನು ಕಾದಿಟ್ಟು ಹಸಿವಿನಿಂದ ಮಡಿದನು. ಶೇಂಗಾದ ಸಂಗ್ರಹಕ್ಕೆ ಕಾವಲಿದ್ದ ಅಲೆಕ್ಸಾಂಡರ್ ಶ್ಚುಕಿನ್ನನೂ ಹಾಗೆಯೇ ಪ್ರಾಣ ಬಿಟ್ಟನು.

1955ರಲ್ಲಿ ಸರಕಾರವು ವಾವಿಲೋವನು ನಿರಪರಾಧಿಯೆಂದು ಒಪ್ಪಿತು. ಈಗ ಸೇಂಟ್ ಪೀಟರ್ಸ್‌ಬರ್ಗ್ ಎನಿಸಿರುವ ಆ ನಗರದಲ್ಲಿ ಆತನ ಸಂಸ್ಥೆಯು ಆತನ ಹೆಸರನ್ನೇ ಹೊತ್ತಿದೆ. ನಮ್ಮ ದೆಹಲಿಯಲ್ಲಿಯೂ ಭಾರತದ ಪೈರುಗಳ ತಳಿಗಳನ್ನು ಕೂಡಿಸಿ ಕಾಯುವ ರಾಷ್ಟ್ರೀಯ ಸಂಸ್ಥೆಯೊಂದಿದೆ.

ಬಿತ್ತಲು ಇಟ್ಟ ಬೀಜವನ್ನು ಉಣ್ಣಬಾರದೆಂಬುದು ನಮ್ಮ ರೈತನಿಗೂ ತಿಳಿದ ಧರ್ಮ. ಆ ಧರ್ಮವನ್ನು ತಮ್ಮ ಪ್ರಾಣಕ್ಕಿಂತ ಹಿರಿದೆಂದು ಬಗೆದವರು ಇದ್ದರೆಂಬುದನ್ನು ನಾವು ಮರೆಯಬಾರದು.