ವಿಲಿಯಂ ಕೇರಿ ಮತ್ತು ದೀಕ್ಷಾಸ್ನಾನದ ಪದ

ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತ ಬೆಳೆಯುವವರು ಗಡಿನಾಡಿನ ಮಕ್ಕಳು. ಈ ಎರಡು ಭಾಷೆಗಳಿಗೂ ವ್ಯಾಕರಣ ರಚಿಸಿ ಅಚ್ಚಿಗೆ ತಂದವರು ವಿಲಿಯಂ ಕೇರಿ. ಅವರ ಮರಾಠಿ ವ್ಯಾಕರಣ 1805ರಲ್ಲಿಯೂ ಕನ್ನಡ ವ್ಯಾಕರಣ 1817ರಲ್ಲಿಯೂ ಪ್ರಕಟವಾದವು. ಆದರೆ ಅವರ ಬಾಳಿನ ದಿಕ್ಕನ್ನು ಬದಲಿಸಿದ್ದು ಒಂದು ಗ್ರೀಕ್ ಪದ.

1761ರ ಆಗಸ್ಟ್ 17ರಂದು ಇಂಗ್ಲೆಂಡಿನ ಪಾಲರ್ಸ್‌ಪರಿ ಗ್ರಾಮದ ನೇಕಾರರ ಮನೆಯಲ್ಲಿ ಕೇರಿಯವರು ಜನಿಸಿದರು. ಜೋಡು ಹೊಲಿಯುವ ಕಸುಬನ್ನು ಅವಲಂಬಿಸಿ, ಬಿಡುವಿನಲ್ಲಿ ಲ್ಯಾಟಿನ್, ಗ್ರೀಕ್ ಭಾಷೆಗಳನ್ನು ಸ್ವಪ್ರಯತ್ನದಿಂದ ಕಲಿತರು. ಶೈಶವದಲ್ಲಿಯೇ ಅವರಿಗೆ ದೀಕ್ಷಾಸ್ನಾನವಾಗಿತ್ತು. ಆದರೆ ಬೈಬಲಿನ ‘ಬಾಪ್ಟಿಜೋ’ ಎಂಬ ಕ್ರಿಯಾಪದಕ್ಕೆ ಮುಳುಗಿಸುವುದೆಂದೇ ಅರ್ಥ, ತಿಳಿದು ನಂಬಿದವರಿಗೆ ಮಾತ್ರ ಆ ಸಂಸ್ಕಾರ ಸಲ್ಲುತ್ತದೆ ಎಂಬ ನಿಲುವಿಗೆ ಬಂದ ಅವರು 1783ರ ಅಕ್ಟೋಬರ್ 5ರಂದು ನೆನ್ ನದಿಯಲ್ಲಿ ಮತ್ತೆ ದೀಕ್ಷೆ ಪಡೆದರು.

ಈ ಜಿಜ್ಞಾಸೆ ಹೊಸದೇನಲ್ಲ. ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ದೀಕ್ಷೆ ನೀಡಬೇಕೆಂಬ ಆಜ್ಞೆಯಿದೆ. ಅಪೊಸ್ತಲರ ಕೃತ್ಯಗಳಲ್ಲಿ ಯೇಸುವಿನ ಹೆಸರಿನಲ್ಲಿ ದೀಕ್ಷೆ ಪಡೆದವರ ವೃತ್ತಾಂತವಿದೆ. ‘ದಿದಾಖೆ’ ಎಂಬ ಪ್ರಾಚೀನ ಕೈಪಿಡಿ ತ್ರಿನಾಮವನ್ನು ವಿಧಿಸಿ, ಹರಿಯುವ ನೀರು ಉತ್ತಮವೆನ್ನುತ್ತದೆ. ನೀರು ಸಾಲದಿದ್ದರೆ ತಲೆಯ ಮೇಲೆ ಮೂರು ಬಾರಿ ಸುರಿದರೂ ಆದೀತೆನ್ನುತ್ತದೆ. ಮೂರನೆಯ ಶತಮಾನದಲ್ಲಿ ಸಭೆಯಿಂದ ಬೇರ್ಪಟ್ಟವರು ಕೊಟ್ಟ ದೀಕ್ಷೆ ಸಲ್ಲುವುದೋ ಇಲ್ಲವೋ ಎಂಬ ವಿಷಯದಲ್ಲಿ ಕಾರ್ಥೇಜಿನ ಸಿಪ್ರಿಯನ್ ಮತ್ತು ರೋಮಿನ ಸ್ತೆಫಾನರ ನಡುವೆ ತೀವ್ರ ವಿವಾದ ನಡೆಯಿತು. ಸಿಪ್ರಿಯನ್ ಸಲ್ಲದೆಂದರು, ಸ್ತೆಫಾನರು ಸಲ್ಲುವುದೆಂದರು.

1793ರಲ್ಲಿ ಬಂಗಾಳಕ್ಕೆ ಬಂದ ಕೇರಿಯವರು 1800ರಲ್ಲಿ ಶ್ರೀರಾಮಪುರದಲ್ಲಿ ನೆಲೆಸಿದರು. ಅದೇ ವರ್ಷದ ಡಿಸೆಂಬರ್ 28ರಂದು ಬಡಗಿ ಕೃಷ್ಣ ಪಾಲರಿಗೆ ಹೂಗ್ಲಿ ನದಿಯಲ್ಲಿ ದೀಕ್ಷೆ ನೀಡಿದರು. ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ, ಸಂಸ್ಕೃತ, ಮರಾಠಿ ಬೋಧಿಸಿದರು. 1812ರ ಮಾರ್ಚ್ 11ರಂದು ಮುದ್ರಣಾಲಯಕ್ಕೆ ಬೆಂಕಿ ಬಿದ್ದು, ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಸುಟ್ಟು ಬೂದಿಯಾಯಿತು. ಕೇರಿಯವರು ಎದೆಗುಂದದೆ ಮೊದಲಿನಿಂದ ಆರಂಭಿಸಿದರು. 1820ರ ದಶಕದಲ್ಲಿ ಆ ಕನ್ನಡ ಗ್ರಂಥ ಅಚ್ಚಾಯಿತು.

ಅನುವಾದದಲ್ಲಿ ಹಳೆಯ ಪ್ರಶ್ನೆ ಮತ್ತೆ ಎದುರಾಯಿತು. ಗ್ರೀಕ್ ಪದದ ಧ್ವನಿಯನ್ನು ಉಳಿಸಿಕೊಳ್ಳಬೇಕೋ, ಅರ್ಥವನ್ನು ದೇಶಭಾಷೆಯಲ್ಲಿ ಹೇಳಬೇಕೋ? ಕೇರಿಯವರೂ ಅವರ ಸಹವರ್ತಿಗಳೂ ಅರ್ಥದ ಪಕ್ಷ ವಹಿಸಿದರು. ಮುಳುಗಿಸು ಎಂಬ ಅರ್ಥದ ಪದವನ್ನು ಇತರ ಪಂಗಡಗಳು ಒಪ್ಪಲಿಲ್ಲ. 1830ರ ದಶಕದಲ್ಲಿ ಬ್ರಿಟಿಷ್ ಬೈಬಲ್ ಸೊಸೈಟಿ ಅಂತಹ ಅನುವಾದಗಳಿಗೆ ಧನಸಹಾಯ ನಿರಾಕರಿಸಿತು. 1840ರಲ್ಲಿ ಬ್ಯಾಪ್ಟಿಸ್ಟರು ತಮ್ಮದೇ ಅನುವಾದ ಸಂಸ್ಥೆಯನ್ನು ಸ್ಥಾಪಿಸಿದರು. ಅಷ್ಟರಲ್ಲಿ, 1834ರ ಜೂನ್ 9ರಂದು, ಕೇರಿಯವರು ಶ್ರೀರಾಮಪುರದಲ್ಲಿ ತೀರಿಕೊಂಡಿದ್ದರು.

ಇಂದು ಮರಾಠಿ ಬೈಬಲಿನಲ್ಲಿ ‘ಬಾಪ್ತಿಸ್ಮಾ’ ಎಂದಿದೆ; ಕನ್ನಡದಲ್ಲಿ ‘ದೀಕ್ಷಾಸ್ನಾನ’ ಎಂದಿದೆ. ಒಂದು ಭಾಷೆ ಧ್ವನಿಯನ್ನು ಉಳಿಸಿಕೊಂಡಿತು, ಇನ್ನೊಂದು ಅರ್ಥವನ್ನು ತನ್ನದಾಗಿಸಿಕೊಂಡಿತು; ಮುಳುಗಿಸಬೇಕೋ ಸುರಿಯಬೇಕೋ ಎಂಬುದನ್ನು ಮಾತ್ರ ಕನ್ನಡದ ಪದ ಹೇಳದೆ ಬಿಟ್ಟಿತು. ಎರಡೂ ಭಾಷೆಗಳನ್ನು ಬಲ್ಲ ನಮ್ಮ ವಿದ್ಯಾರ್ಥಿಗಳು ಈ ಎರಡು ಪದಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಒಂದು ಪದವನ್ನು ಆರಿಸುವುದು ಎಷ್ಟು ಹೊಣೆಯ ಕೆಲಸವೆಂಬುದು ಅವರಿಗೆ ತಿಳಿಯುತ್ತದೆ.