ನನ್ನ ರೈಲಿನ ಜೊತೆಗಾರ ಜೂಲ್ಸ್ ವರ್ನ್

ಊರಿಗೆ ಹೊರಡುವ ಹಿಂದಿನ ದಿನ ಬ್ಯಾಗಿಗೆ ಬಟ್ಟೆ ತುಂಬುವುದಕ್ಕಿಂತ ದಾರಿಯಲ್ಲಿ ಏನು ಓದುವುದು ಎಂಬುದೇ ನನಗೆ ದೊಡ್ಡ ಚಿಂತೆ. ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್, ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಊರು ತುಮಕೂರು. ಬೆಂಗಳೂರಿನಲ್ಲಿ ರೈಲು ಬದಲಿಸಬೇಕು. ಕಾಯುವ ಹೊತ್ತೂ ಸೇರಿದರೆ ಐದಾರು ಗಂಟೆ ಪ್ರಯಾಣ. ಮೊಬೈಲ್ ತಿಕ್ಕುತ್ತಾ ಕೂತರೆ ಮದ್ದೂರು ವಡೆ ಬರುವಷ್ಟರಲ್ಲಿ ಬ್ಯಾಟರಿಯೂ ಖಾಲಿ, ತಲೆಯೂ ಖಾಲಿ. ಅದಕ್ಕೇ ಒಂದು ಪ್ರಯಾಣಕ್ಕೆ ಒಂದು ಹೊಸ ಕಾದಂಬರಿ ಎಂದು ನಿಯಮ ಮಾಡಿಕೊಂಡಿದ್ದೇನೆ. ಅದೂ ವಿಜ್ಞಾನ ಕಾದಂಬರಿ, ಇಲ್ಲವೇ ಫ್ಯಾಂಟಸಿ.

ಈ ನಿಯಮ ಶುರುವಾದದ್ದು ಒಂದು ಕೆಟ್ಟ ವಾರದಲ್ಲಿ. ಮೂರನೇ ಸೆಮಿಸ್ಟರ್ ಫಲಿತಾಂಶ ಬಂದಿತ್ತು. ಗಣಿತದಲ್ಲಿ ಬ್ಯಾಕ್ ಬಿದ್ದಿತ್ತು. ಅಪ್ಪನದು ಟೈಲರಿಂಗ್ ಅಂಗಡಿ. ನನ್ನ ಫೀಸಿಗೆ ಸಾಲ ಮಾಡಿದ್ದಾರೆ. ಫಲಿತಾಂಶ ಬಂದ ಮೇಲೆ ಎರಡು ಸಲ ಊರಿಗೆ ಹೋಗಿ ಬಂದರೂ ಬಾಯಿ ಬಿಟ್ಟಿರಲಿಲ್ಲ. ಮೂರನೇ ಸಲ ಹೊರಟಾಗ ಹಳೆ ಪುಸ್ತಕದಂಗಡಿಯೊಂದರಲ್ಲಿ 40 ರೂಪಾಯಿಗೆ ಜೂಲ್ಸ್ ವರ್ನ್ ಬರೆದ 'ಎಂಬತ್ತು ದಿನಗಳಲ್ಲಿ ವಿಶ್ವ ಪರ್ಯಟನೆ'ಯ ಇಂಗ್ಲಿಷ್ ಅನುವಾದ ಸಿಕ್ಕಿತು. ಮನೆಯ ಯೋಚನೆ ತಪ್ಪಿಸಿಕೊಳ್ಳಲು ಕೊಂಡೆ.

ಕಥಾನಾಯಕ ಫಿಲಿಯಾಸ್ ಫಾಗ್ ಪಂದ್ಯ ಕಟ್ಟಿ ಲಂಡನ್ನಿನಿಂದ ಹೊರಡುತ್ತಾನೆ. ಮುಂಬೈಯಿಂದ ಕಲ್ಕತ್ತಕ್ಕೆ ರೈಲು ಹಳಿ ಪೂರ್ತಿಯಾಗಿದೆ ಎಂದು ಪತ್ರಿಕೆಯಲ್ಲಿ ಬಂದಿರುತ್ತದೆ. ಆದರೆ ಕಾಡಿನ ನಡುವೆ ರೈಲು ನಿಂತೇಬಿಡುತ್ತದೆ. ಮುಂದೆ ಹಳಿಯೇ ಇಲ್ಲ! ಫಾಗ್ ಎರಡು ಸಾವಿರ ಪೌಂಡ್ ಕೊಟ್ಟು ಆನೆಯೊಂದನ್ನು ಕೊಳ್ಳುತ್ತಾನೆ. ಸಿಗ್ನಲ್ ಸಿಗದೆ ನಮ್ಮ ರೈಲೂ ನಿಂತಿದ್ದಾಗಲೇ ಈ ಭಾಗ ಓದಿ ನಾನೊಬ್ಬನೇ ನಕ್ಕಿದ್ದೆ. ಎದುರಿಗೆ ಕೂತಿದ್ದ ಅಜ್ಜಿ ನನ್ನನ್ನು ವಿಚಿತ್ರವಾಗಿ ನೋಡಿದರು.

ಪುಸ್ತಕದ ಕೊನೆಯಲ್ಲಿ ನಾಲ್ಕು ಪುಟಗಳಲ್ಲಿ ಲೇಖಕನ ಪರಿಚಯವಿತ್ತು. ನಿಜ ಹೇಳಬೇಕೆಂದರೆ, ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ನಾಲ್ಕು ಪುಟಗಳೇ. ಆಮೇಲೆ ಕಾಲೇಜಿನ ಲೈಬ್ರರಿಯಲ್ಲಿ ಅವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಹುಡುಕಿ ಓದಿದೆ.

ವರ್ನ್ ಹುಟ್ಟಿದ್ದು 1828ರ ಫೆಬ್ರುವರಿ 8ರಂದು, ಫ್ರಾನ್ಸಿನ ನಾಂತ್ ಎಂಬ ಬಂದರು ಊರಿನಲ್ಲಿ. ಹಡಗುಗಳನ್ನು ನೋಡುತ್ತಾ ಬೆಳೆದ ಹುಡುಗ. ಅಪ್ಪ ವಕೀಲ. ಹಿರಿಯ ಮಗನೂ ವಕೀಲನಾಗಿ ತನ್ನ ಕಚೇರಿ ನೋಡಿಕೊಳ್ಳಲಿ ಎಂಬುದು ಅವನ ಆಸೆ. ಅದಕ್ಕಾಗಿ ಮಗನನ್ನು ಕಾನೂನು ಓದಲು ಪ್ಯಾರಿಸ್ಸಿಗೆ ಕಳಿಸಿದ. ಮಗ ಕಾನೂನು ಪರೀಕ್ಷೆ ಪಾಸು ಮಾಡಿದ, ನಿಜ. ಆದರೆ ಮನಸ್ಸೆಲ್ಲ ನಾಟಕದಲ್ಲಿತ್ತು. 1850ರಲ್ಲಿ ಅವನದೊಂದು ನಾಟಕ ರಂಗಕ್ಕೂ ಬಂತು. 1852ರಲ್ಲಿ ಅಪ್ಪ ತನ್ನ ವಕೀಲಿ ಕಚೇರಿಯನ್ನು ವಹಿಸಿಕೊಡುತ್ತೇನೆಂದಾಗ ಒಲ್ಲೆ ಎಂದು ಪತ್ರ ಬರೆದ. ಅದೇ ವರ್ಷ ನಾಟಕ ಮಂದಿರವೊಂದರ ಕಾರ್ಯದರ್ಶಿಯಾದ.

ಇಲ್ಲಿಗೆ ಕಥೆ ಸುಖಾಂತ್ಯವಾಗಬೇಕಿತ್ತು. ಆಗಲಿಲ್ಲ. ನಾಟಕಗಳು ಅವನಿಗೆ ದೊಡ್ಡ ಹೆಸರನ್ನೂ ತರಲಿಲ್ಲ, ಹಣವನ್ನೂ ತರಲಿಲ್ಲ. 1857ರಲ್ಲಿ ಎರಡು ಹೆಣ್ಣುಮಕ್ಕಳಿದ್ದ ವಿಧವೆ ಹೊನೊರಿನ್ ಜೊತೆ ಮದುವೆಯಾಯಿತು. ಸಂಸಾರ ನಡೆಯಬೇಕಲ್ಲ? ಷೇರು ವ್ಯವಹಾರಕ್ಕೆ ಇಳಿದ. ಅದಕ್ಕೆ ಬೇಕಾದ ಬಂಡವಾಳ ಕೊಟ್ಟದ್ದು ಯಾರು ಗೊತ್ತೇ? ಅದೇ ಅಪ್ಪ, ಯಾರ ಕಚೇರಿ ಬೇಡವೆಂದಿದ್ದನೋ ಆ ಅಪ್ಪ.

ನೌಕರಿ ಸಿಕ್ಕಿತೆಂದು ವರ್ನ್ ಬರೆಯುವುದನ್ನು ಬಿಡಲಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಬರೆಯುತ್ತಿದ್ದ, ಆಮೇಲೆ ಷೇರುಪೇಟೆಗೆ ಹೋಗುತ್ತಿದ್ದ. ಬಿಡುವಾದಾಗ ಗ್ರಂಥಾಲಯದಲ್ಲಿ ಕೂತು ಭೂಗೋಳ, ಯಂತ್ರ, ಖಗೋಳ ಎಲ್ಲವನ್ನೂ ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. ಪತ್ರಿಕೆ ಓದುವಾಗಲೂ ಅಷ್ಟೆ, ಹೊಸ ಸಂಗತಿ ಕಂಡರೆ ಬರೆದಿಡುತ್ತಿದ್ದ. ಇಂಥ ಚೀಟಿಗಳು ಮುಂದೆ ಸಾವಿರಗಟ್ಟಲೆ ಆದವು. ರೈಲಿಗೆ ಹೊಸ ಕಥೆ ಎಲ್ಲಿ ಸಿಗುತ್ತದೆ ಎಂದು ನಾನು ಹುಡುಕುತ್ತೇನೆ. ವರ್ನ್ ಅದನ್ನು ಬೆಳಗಿನ ಪತ್ರಿಕೆಯಲ್ಲೇ ಹುಡುಕುತ್ತಿದ್ದ.

1863ರ ಜನವರಿಯಲ್ಲಿ 'ಬಲೂನಿನಲ್ಲಿ ಐದು ವಾರ' ಪ್ರಕಟವಾಯಿತು. ಪ್ರಕಾಶಕ ಹೆಟ್ಜೆಲ್. ಆಗ ವರ್ನ್‌ಗೆ 35 ತುಂಬುವುದರಲ್ಲಿತ್ತು. ಪ್ಯಾರಿಸ್ಸಿಗೆ ಬಂದು ಸುಮಾರು 15 ವರ್ಷ ಕಳೆದಿತ್ತು. ಪುಸ್ತಕ ಗೆದ್ದಿತು. ಖುಷಿಯಲ್ಲಿ ಇನ್ನೊಂದು ಕಾದಂಬರಿ ಕೊಟ್ಟ. ಇಪ್ಪತ್ತನೇ ಶತಮಾನದ ಪ್ಯಾರಿಸ್ ಹೇಗಿರುತ್ತದೆ ಎಂಬ ಕಥೆ ಅದು. ಯಂತ್ರ ಮತ್ತು ಹಣ ಎರಡೇ ಬೆಲೆಬಾಳುವ ಊರಿನಲ್ಲಿ ಸಾಹಿತ್ಯ ಪ್ರೀತಿಸುವ ಹುಡುಗನೊಬ್ಬ ಕೆಲಸವಿಲ್ಲದೆ ಅಲೆಯುತ್ತಾನೆ. ಹೆಟ್ಜೆಲ್ ಅದನ್ನು ಖಡಾಖಂಡಿತವಾಗಿ ತಿರಸ್ಕರಿಸಿದ. ವರ್ನ್ ಜಗಳವಾಡಲಿಲ್ಲ, ಹಸ್ತಪ್ರತಿಯನ್ನು ಒಳಗಿಟ್ಟು ಮುಂದಿನದನ್ನು ಬರೆದ. 1864ರಲ್ಲಿ ಭೂಗರ್ಭಕ್ಕೆ ಪಯಣ, 1865ರಲ್ಲಿ ಚಂದ್ರನತ್ತ ಪಯಣ, 1870ರ ಹೊತ್ತಿಗೆ ಸಮುದ್ರದಡಿಯ ಪಯಣ ಬಂದವು. ತಿರಸ್ಕೃತ ಹಸ್ತಪ್ರತಿ ಅವನ ಮರಿಮಗನ ಕೈಗೆ ಸಿಕ್ಕಿ, ಪುಸ್ತಕವಾದದ್ದು 1994ರಲ್ಲಿ!

ಎಲ್ಲವನ್ನೂ ಅವನು ಸರಿಯಾಗಿ ಊಹಿಸಿದ್ದ ಎಂದು ಹೇಳುವವರಿದ್ದಾರೆ. ಹಾಗೇನಿಲ್ಲ. ಚಂದ್ರಯಾನಕ್ಕೆ ಅವನು ಫ್ಲೋರಿಡಾವನ್ನೇ ಆರಿಸಿದ್ದು, ಮರಳಿದವರನ್ನು ಪೆಸಿಫಿಕ್ ಸಾಗರಕ್ಕೇ ಬೀಳಿಸಿದ್ದು ಅಪೊಲೊ ಯಾನಗಳನ್ನು ನೆನಪಿಸುತ್ತದೆ. ಆದರೆ ಅವನ ಯಾತ್ರಿಕರು ಹೋಗುವುದು ರಾಕೆಟ್ಟಿನಲ್ಲಿ ಅಲ್ಲ, 900 ಅಡಿ ಉದ್ದದ ಫಿರಂಗಿಯ ಗುಂಡಿನೊಳಗೆ, ಸೆಕೆಂಡಿಗೆ ಸುಮಾರು 11 ಕಿಲೋಮೀಟರ್ ವೇಗದಲ್ಲಿ. ಪಿಯುಸಿಯಲ್ಲಿ ಕಲಿತ ಸೂತ್ರದಲ್ಲಿ ಲೆಕ್ಕ ಹಾಕಿ ನೋಡಿದೆ. ಅಷ್ಟು ಕಡಿಮೆ ದೂರದಲ್ಲಿ ಆ ವೇಗ ಮುಟ್ಟಬೇಕಾದರೆ ಒಳಗಿರುವವರ ಮೇಲೆ ಗುರುತ್ವದ 20,000 ಪಟ್ಟಿಗಿಂತ ಹೆಚ್ಚು ಒತ್ತಡ ಬೀಳುತ್ತದೆ. ಮೂವರೂ ಹೊರಟ ಕ್ಷಣವೇ ಅಪ್ಪಚ್ಚಿ! ಆದರೂ ಒಂದು ಮಾತು. ಗಣಿತದಲ್ಲಿ ಬ್ಯಾಕ್ ಇದ್ದವನು ಯಾರೂ ಹೇಳದೆ ಲೆಕ್ಕ ಮಾಡಲು ಕೂತದ್ದು ಅದೇ ಮೊದಲು.

ನಮಗೆ ಇನ್ನೂ ಹತ್ತಿರದ ಸಂಗತಿ ಕ್ಯಾಪ್ಟನ್ ನೆಮೊನದು. ನಾಟಿಲಸ್ ಜಲಾಂತರ್ಗಾಮಿಯ ಈ ನಾಯಕನನ್ನು ವರ್ನ್ ಮೊದಲು ರಷ್ಯಾದ ಮೇಲೆ ಸಿಟ್ಟಿರುವ ಪೋಲೆಂಡಿನವನನ್ನಾಗಿ ಮಾಡಬೇಕೆಂದಿದ್ದ. ರಷ್ಯಾದಲ್ಲೂ ಪುಸ್ತಕ ಮಾರಾಟವಾಗಬೇಕಲ್ಲ ಎಂದು ಹೆಟ್ಜೆಲ್ ಒಪ್ಪಲಿಲ್ಲ. ಹಾಗಾಗಿ ಮೊದಲ ಪುಸ್ತಕದಲ್ಲಿ ನೆಮೊನ ದೇಶವೇ ಗುಟ್ಟಾಗಿ ಉಳಿಯಿತು. 1875ರಲ್ಲಿ ಪೂರ್ತಿಯಾದ 'ನಿಗೂಢ ದ್ವೀಪ'ದಲ್ಲಿ ಗುಟ್ಟು ರಟ್ಟಾಯಿತು. ನೆಮೊ ಬುಂದೇಲಖಂಡದ ರಾಜಕುಮಾರ ಡಕ್ಕರ್, 1857ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಎಲ್ಲವನ್ನೂ ಕಳೆದುಕೊಂಡವನು. ಅಷ್ಟೇ ಅಲ್ಲ, ನಮ್ಮ ಟಿಪ್ಪು ಸುಲ್ತಾನನ ಸಂಬಂಧಿ! ಟಿಪ್ಪು ಸತ್ತದ್ದು 1799ರಲ್ಲಿ. ವಯಸ್ಸಿನ ಲೆಕ್ಕ ಅಷ್ಟಾಗಿ ಕೂಡುವುದಿಲ್ಲ. ಭಾರತಕ್ಕೆ ಎಂದೂ ಬರದಿದ್ದ ಫ್ರೆಂಚ್ ಲೇಖಕನೊಬ್ಬನ ತಲೆಗೆ ಶ್ರೀರಂಗಪಟ್ಟಣದ ದೊರೆಯ ಹೆಸರು ಬಂತಲ್ಲ ಎಂಬುದೇ ನನಗೆ ಸೋಜಿಗ. ಮೈಸೂರು ಬಿಟ್ಟ ಸ್ವಲ್ಪ ಹೊತ್ತಿಗೇ ರೈಲು ಕಾವೇರಿ ದಾಟುವಾಗ ಈಗ ಪುಸ್ತಕ ಮಡಚಿಟ್ಟು ಕೋಟೆಯ ಕಡೆ ನೋಡುತ್ತೇನೆ.

1872ರಲ್ಲಿ ಫಾಗ್‌ನ ಕಥೆ ದಿನಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಮನೆಮಾತಾಯಿತು. 1889ರಲ್ಲಿ ಅಮೆರಿಕದ ಪತ್ರಕರ್ತೆ ನೆಲ್ಲಿ ಬ್ಲೈ ನಿಜವಾಗಿಯೂ ಭೂಮಿ ಸುತ್ತಲು ಹೊರಟಳು. ದಾರಿಯಲ್ಲಿ ಆಮಿಯಾಂ ಊರಿಗೆ ಹೋಗಿ ವರ್ನ್‌ನನ್ನು ಕಂಡಳು. 72 ದಿನಗಳಲ್ಲಿ ಸುತ್ತು ಮುಗಿಸಿದಳು.

ಅಷ್ಟು ಹೊತ್ತಿಗೆ ವರ್ನ್‌ನ ಸ್ವಂತ ತಿರುಗಾಟ ನಿಂತುಹೋಗಿತ್ತು. 1886ರ ಮಾರ್ಚ್‌ನಲ್ಲಿ ಮಾನಸಿಕ ಅಸ್ವಸ್ಥನಾಗಿದ್ದ ತಮ್ಮನ ಮಗನೊಬ್ಬ ಗುಂಡು ಹಾರಿಸಿದ. ಗುಂಡು ಕಾಲಿಗೆ ಬಿತ್ತು. ಮತ್ತೆಂದೂ ಕುಂಟದೆ ನಡೆಯಲಾಗಲಿಲ್ಲ. ಅದೇ ತಿಂಗಳು ಹೆಟ್ಜೆಲ್ ತೀರಿಕೊಂಡ. ಪ್ರೀತಿಯ ಹಡಗನ್ನು ಅದಕ್ಕೂ ಮುಂಚೆಯೇ ಮಾರಿಯಾಗಿತ್ತು. ಆದರೂ ಬೆಳಗಿನ ಬರವಣಿಗೆ ನಿಲ್ಲಲಿಲ್ಲ. 1888ರಲ್ಲಿ ಆಮಿಯಾಂ ನಗರಸಭೆಗೆ ಆಯ್ಕೆಯಾಗಿ ಊರಿನ ಕೆಲಸವನ್ನೂ ಮಾಡಿದ. ಮಧುಮೇಹ ಕಾಡಿತು, ಕಣ್ಣು ಮಂಜಾಯಿತು. 1905ರ ಮಾರ್ಚ್ 24ರಂದು, 77ನೇ ವಯಸ್ಸಿನಲ್ಲಿ ತೀರಿಕೊಂಡ. ಅಷ್ಟರಲ್ಲಿ ಐವತ್ತಕ್ಕೂ ಹೆಚ್ಚು ಕಾದಂಬರಿ ಬರೆದಿದ್ದ.

ಆ ದಿನ ರೈಲಿನಲ್ಲಿ ಇದಿಷ್ಟೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನಾಲ್ಕು ಪುಟ ಮಾತ್ರ. ಅದರಲ್ಲಿ ನನಗೆ ಮತ್ತೆ ಮತ್ತೆ ನೆನಪಾಗಿದ್ದು ಅಪ್ಪನಿಗೆ ಬರೆದ ಆ ಪತ್ರ. ವಕೀಲಿ ಬೇಡ ಎಂದದ್ದು ದೊಡ್ಡದೆನಿಸಲಿಲ್ಲ. ಮುಚ್ಚಿಡದೆ ಹೇಳಿದನಲ್ಲ, ಆಮೇಲೂ ಅಪ್ಪ ಕೈ ಬಿಡಲಿಲ್ಲವಲ್ಲ, ಅದು. ರಾತ್ರಿ ಊಟವಾದ ಮೇಲೆ ಅಂಗಡಿಗೆ ಹೋದೆ. ಅಪ್ಪ ಮದುವೆ ಆರ್ಡರಿನ ಬ್ಲೌಸ್ ಹೊಲಿಯುತ್ತಿದ್ದರು. ಹೇಳಿಬಿಟ್ಟೆ. ಮಷಿನ್ ನಿಂತಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಪರೀಕ್ಷೆ ಕಟ್ಟಲು ಎಷ್ಟಾಗುತ್ತದೆ ಎಂದು ಕೇಳಿದರು. ಎರಡು ತಿಂಗಳಿಂದ ಯಾಕೆ ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಅಮ್ಮನಿಗೆ ಈಗ ತಿಳಿಯಿತು ಎಂದರು. ಮಷಿನ್ ಮತ್ತೆ ಶುರುವಾಯಿತು.

ಆಮೇಲೆ ನಾನೂ ಐದಕ್ಕೆ ಏಳುವ ಅಭ್ಯಾಸ ಮಾಡಿಕೊಂಡೆ. ವಾರದಲ್ಲಿ ನಾಲ್ಕು ದಿನವಾದರೂ ಆಗುತ್ತದೆ. ಗಣಿತ ಪಾಸಾಯಿತು, 43 ಅಂಕ. ಕ್ಯಾಂಪಸ್ ಪ್ಲೇಸ್‌ಮೆಂಟ್ ಇನ್ನೂ ಮುಂದಿದೆ, ಅದರ ಭಯವೂ ಇದೆ.

ಪ್ರಯಾಣಕ್ಕೆ ಪುಸ್ತಕ ಹುಡುಕುವವರಿಗೆ ಒಂದು ಮಾತು. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ವರ್ನ್‌ನ ಹಳೆಯ ಇಂಗ್ಲಿಷ್ ಅನುವಾದಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಹೊರಡುವ ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ಓದಬಹುದು. ಅವನು ಮುಗಿದ ಮೇಲೆ ಎಚ್.ಜಿ. ವೆಲ್ಸ್ ಇದ್ದಾನೆ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಿದ್ದಾರೆ. ಹಾರುವ ಓತಿಯನ್ನು ಹುಡುಕುತ್ತಾ ಕಾಡಿಗೆ ಕರೆದೊಯ್ಯುವ ತೇಜಸ್ವಿಯವರ 'ಕರ್ವಾಲೊ' ಇದೆ. ಮುಂದಿನ ಶುಕ್ರವಾರದ ರೈಲಿಗೆ ನಾನು ಇನ್ನೂ ಪುಸ್ತಕ ಆರಿಸಿಲ್ಲ. ಹಳೆ ಪುಸ್ತಕದಂಗಡಿಗೆ ನಾಳೆ ಹೋಗಬೇಕು.